ಕಾರಣ ಕೊಡಿ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಶಾಲೆಯ ಮಕ್ಕಳ ಚೀಲದಲ್ಲಿ ಪಠ್ಯಪುಸ್ತಕ ಅಡಿಗೆ ಹೋಗಿ ಗೈಡು ಮೇಲೆ ಬರುತ್ತದೆ. ಇಷ್ಟು ವರ್ಷ ಇದನ್ನು ಬೈಯುತ್ತ ಬಂದವಳು ನಾನು. ಈಗ ಮಗಳ ಕಚೇರಿಗೂ ಗೈಡು ಬಂದಿದೆ!

ಮಗಳು ಬೆಂಗಳೂರಿನ ಕಂಪೆನಿಯೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಸೇರಿದ ವಾರವೇ ಯಾರೋ ಬರೆದುಹೋದ ಲಕ್ಷಾಂತರ ಸಾಲುಗಳ ಪ್ರೋಗ್ರಾಮನ್ನು ಅವಳ ಕೈಗಿಟ್ಟರು. ತಿಳಿದವರೊಬ್ಬರನ್ನು ಜೊತೆಗೆ ಕೂರಿಸಲಿಲ್ಲ. “ಎ.ಐ. ಇದೆಯಲ್ಲ, ಕೇಳಿಕೋ” ಎಂದರಂತೆ. ಕೇಳಿದಳು. ಒಂದು ಷರತ್ತಿನ ಸಾಲು ಅನಗತ್ಯವೆಂದು ಅದು ಹೇಳಿತು, ಇವಳು ತೆಗೆದಳು. ತಿಂಗಳ ಕೊನೆಗೆ ಗಿರಾಕಿಗಳ ಬಿಲ್ಲುಗಳು ತಪ್ಪಿದವು. ಬೈಗುಳ ತಿಂದವಳು ನನ್ನ ಮಗಳು.

ಉಪಕರಣಗಳ ಮೇಲೆ ನನಗೆ ಸಿಟ್ಟಿಲ್ಲ. 1973ರಲ್ಲಿ ಯುನಿಕ್ಸ್‌ಗೆ ಬಂದ ಗ್ರೆಪ್, ಬೇಕಾದ ಪದವಿರುವ ಸಾಲುಗಳನ್ನು ಹೆಕ್ಕಿ ಕೊಡುತ್ತದೆ. ಸಿಟ್ಯಾಗ್ಸ್ ಪುಸ್ತಕದ ಕೊನೆಯ ಪದಸೂಚಿಯಿದ್ದಂತೆ; ಯಾವ ಹೆಸರಿನ ವ್ಯಾಖ್ಯೆ ಎಲ್ಲಿದೆಯೆಂದು ತೋರಿಸುತ್ತದೆ. ಪದಸೂಚಿ ಬೇಡವೆನ್ನುವ ಮೇಷ್ಟರು ಉಂಟೇ? ಆದರೆ ಇವು ಹೇಳುವುದು ‘ಎಲ್ಲಿ’ ಎಂಬುದನ್ನು. ‘ಏಕೆ’ ಎಂಬುದು ಬರೆದವರ ತಲೆಯಲ್ಲಿರುತ್ತದೆ. ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲೇ ಇದನ್ನು ವಾದಿಸಿದ್ದರು: ಪ್ರೋಗ್ರಾಮಿನ ಜೀವ ಬರೆದವರ ತಿಳಿವಳಿಕೆಯಲ್ಲಿದೆ, ಅವರು ಚದುರಿದರೆ ಅದೂ ಸತ್ತಂತೆ. ಎ.ಐ. ‘ಏಕೆ’ಗೂ ಉತ್ತರ ಕೊಡುತ್ತದೆ, ನಿಜ. ಕಾರಣ ಎಲ್ಲೂ ಬರೆದಿಲ್ಲದಿದ್ದರೆ ಆ ಉತ್ತರ ಬರೀ ಊಹೆ.

ಪ್ರತಿ ಸಾಲನ್ನು ಕೊನೆಗೆ ಯಾರು, ಯಾವಾಗ ತಿದ್ದಿದರೆಂದು ತೋರಿಸುವ ಗಿಟ್ ಬ್ಲೇಮ್ ಎಂಬುದಿದೆ. ಮಗಳು ಅದರಲ್ಲಿ ಹುಡುಕಿದಳು. ಹೆಸರು ಸಿಕ್ಕಿತು. “ಕೇಳೋಣ ಅಂದ್ರೆ ಅವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತಮ್ಮಾ” ಎಂದಳು. ತಿದ್ದಿದ್ದಕ್ಕೆ ಅವರು ಬರೆದಿಟ್ಟಿದ್ದ ವಿವರಣೆ ಒಂದೇ ಪದ: ‘ಫಿಕ್ಸ್’. ಏನನ್ನು? ಏಕೆ?

ದೊಡ್ಡ ಪ್ರೋಗ್ರಾಮು, ಬರೆಯಲು ಪುರಸೊತ್ತಿಲ್ಲ ಎನ್ನಬೇಡಿ. ಲಿನಕ್ಸ್ ಕೋಟಿಗಟ್ಟಲೆ ಸಾಲುಗಳದ್ದು. ಅಲ್ಲಿಗೆ ತಿದ್ದುಪಡಿ ಕಳಿಸುವವರು ಸಮಸ್ಯೆ ಏನೆಂದು ವಿವರಿಸಬೇಕೆಂಬ ನಿಯಮವೇ ಇದೆ. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ‘ಕಾರಣ ಕೊಡಿ’ ಎಂದಿದ್ದಾಗ ಒಂದೇ ಪದ ಗೀಚಿದ ಹುಡುಗನಿಗೆ ನಾನು ಅಂಕ ಕೊಡುವುದಿಲ್ಲ. ಸಂಬಳ ಪಡೆಯುವ ದೊಡ್ಡವರಿಗೇಕೆ ರಿಯಾಯಿತಿ?

ಗೈಡು ಕೊಳ್ಳಿ, ಬೇಡವೆನ್ನೆ. ಆದರೆ ಹೊಸಬರ ಪಕ್ಕ ಹಳಬರನ್ನು ಎರಡು ವಾರ ಕೂರಿಸಿ. ತಿದ್ದಿದವರ ಕೈಯಲ್ಲಿ ಕಾರಣ ಬರೆಸಿ. ಅಷ್ಟೂ ಮಾಡದ ಕಚೇರಿಗೆ, ತಪ್ಪಾದಾಗ ನಿನ್ನೆ ಮೊನ್ನೆ ಸೇರಿದ ಹುಡುಗಿಯನ್ನು ಬೈಯುವ ಹಕ್ಕಿಲ್ಲ.