ಸಿಡಿತವೊ, ಭೂಕಂಪವೊ?

ಕಟಕೋಳದ ಸುತ್ತಣ ಊರುಗಳಲ್ಲಿ ಬಾವಿ ತೋಡುವಾಗ ಬಂಡೆಗೆ ಸುರಂಗ ಹಾರಿಸಿದರೆ ನೆಲವು ಒಮ್ಮೆ ಅದುರಿ ಸುಮ್ಮನಾಗುತ್ತದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಭೂಕಂಪವಾದಾಗ ನೆಲ ನಡುಗಿದ ಬಗೆಯೇ ಬೇರೆ. ಇಂಥ ಎರಡು ನಡುಕಗಳನ್ನು ಸಾವಿರಾರು ಮೈಲಿ ದೂರದಿಂದ ಗುರುತಿಸಿ ಬೇರ್ಪಡಿಸಬಹುದೆ? 1963ರ ಒಪ್ಪಂದವು ವಾಯುಮಂಡಲ, ಜಲ, ಅಂತರಿಕ್ಷಗಳಲ್ಲಿ ಅಣ್ವಸ್ತ್ರ ಪರೀಕ್ಷೆಯನ್ನು ನಿಷೇಧಿಸಿತು. ಭೂಗರ್ಭವನ್ನು ಮಾತ್ರ ಬಿಟ್ಟುಬಿಟ್ಟಿತು. ಗುಟ್ಟಾಗಿ ನಡೆಸಿದ ಸಿಡಿತವನ್ನು ಭೂಕಂಪವೆಂದು ಸಾಧಿಸಬಹುದೆಂಬ ಶಂಕೆಯೇ ಅದಕ್ಕೊಂದು ದೊಡ್ಡ ಕಾರಣ.

ಆ ಶಂಕೆಯನ್ನು ನೀಗಿಸುವ ಕಾರ್ಯದಲ್ಲಿ ಕನ್ನಡ ನಾಡಿಗೂ ಪಾಲುಂಟು. 1965ರಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರದವರು ಬ್ರಿಟಿಷ್ ವಿಜ್ಞಾನಿಗಳ ಸಹಕಾರದಿಂದ ಗೌರಿಬಿದನೂರಿನ ಬಳಿ 20 ಭೂಕಂಪಮಾಪಕಗಳನ್ನು ‘ಎಲ್’ ಅಕ್ಷರದಂತೆ ಸಾಲಾಗಿ ಇರಿಸಿದರು. ಒಂದೊಂದು ತೋಳಿನ ಉದ್ದ ಸುಮಾರು 25 ಕಿ.ಮೀ. ದೂರದ ತರಂಗವು ಒಂದೊಂದು ಮಾಪಕವನ್ನು ತುಸು ಹಿಂದುಮುಂದಾಗಿ ಮುಟ್ಟುತ್ತದೆ. ಆ ಕಾಲಭೇದದಿಂದ ಅದು ಬಂದ ದಿಕ್ಕು ತಿಳಿಯುವುದು. ಭೇದವನ್ನು ಸರಿಪಡಿಸಿ ಎಲ್ಲ ದಾಖಲೆಗಳನ್ನೂ ಕೂಡಿಸಿದರೆ, ಗಾಳಿ ಗಾಡಿಗಳ ಗದ್ದಲ ಅಡಗಿ ಕ್ಷೀಣ ತರಂಗವೂ ಎದ್ದು ಕಾಣುವುದು.

ಸಿಡಿತವು ಸುತ್ತಲಿನ ಶಿಲೆಯನ್ನು ಎಲ್ಲ ದಿಕ್ಕಿಗೂ ಹೊರದೂಡುತ್ತದೆ. ಭೂಕಂಪದಲ್ಲಾದರೋ ಬಿರುಕಿನ ಎರಡು ಬದಿಗಳು ಒಂದನ್ನೊಂದು ಉಜ್ಜಿ ಜಾರುವುದರಿಂದ ಕೆಲವು ದಿಕ್ಕಿಗೆ ಮೊದಲು ನೂಕು, ಕೆಲವು ದಿಕ್ಕಿಗೆ ಸೆಳೆತ. ಈ ಮೊದಲ ಚಲನೆ ಹಲವು ವೇಳೆ ಗದ್ದಲದಲ್ಲಿ ಮುಳುಗಿಹೋಗುವುದು. ಆದುದರಿಂದ ಭೂಗರ್ಭವನ್ನು ಹಾಯ್ದುಬರುವ ತರಂಗವನ್ನೂ ನೆಲದ ಮೇಲ್ಮೈಯಲ್ಲಿ ಹರಿಯುವ ತರಂಗವನ್ನೂ ಹೋಲಿಸುವುದೇ ಹೆಚ್ಚು ನೆಚ್ಚತಕ್ಕ ಕ್ರಮ. ಮೊದಲನೆಯದು ಸಮವಾಗಿದ್ದರೂ ಸಿಡಿತದ ಮೇಲ್ಮೈ ತರಂಗ ಬಹಳ ದುರ್ಬಲ. ಇನ್ನು ನಡುಕದ ಮೂಲವು ನೂರಾರು ಕಿ.ಮೀ. ಆಳದಲ್ಲಿದ್ದರೆ ಚರ್ಚೆಯೇ ಬೇಡ. ಅಷ್ಟು ಆಳಕ್ಕೆ ಬಾಂಬು ಇಳಿಸಿದವರಿಲ್ಲ!

ಹೀಗಿರುವಾಗ, ಪರೀಕ್ಷಾ ನಿಷೇಧದ ಉಲ್ಲಂಘನೆಯನ್ನು ಪತ್ತೆಹಚ್ಚಲಾಗದೆಂಬ ವಾದವನ್ನು ದೊಡ್ಡ ಸಿಡಿತಗಳ ಮಟ್ಟಿಗೆ ನಾನು ಒಪ್ಪಲಾರೆ. 1996ರ ಸಮಗ್ರ ನಿಷೇಧ ಒಪ್ಪಂದಕ್ಕೆ ಭಾರತವು ಸಹಿ ಹಾಕದಿರಲು ರಾಜಕೀಯ ಕಾರಣಗಳಿವೆ. ಅವನ್ನು ರಾಜಕೀಯವೆಂದೇ ಚರ್ಚಿಸೋಣ, ವಿಜ್ಞಾನದ ಕೊರತೆಯೆಂದು ಯಾರೂ ನೆಪ ಹೇಳಬಾರದು. ಸಣ್ಣ ಸಿಡಿತಗಳ ಮಾತು ಬೇರೆ. 1998ರ ಮೇ 11ರ ಪೋಖ್ರಣ್ ಸಿಡಿತವನ್ನು ಲೋಕದ ಕೇಂದ್ರಗಳು ದಾಖಲಿಸಿದವು; ಮೇ 13ರ ಸಣ್ಣ ಸಿಡಿತಗಳು ದೂರದ ಕೇಂದ್ರಗಳಿಗೆ ತಿಳಿಯಲೇ ಇಲ್ಲ. ಮೇ 11ರ ಸಿಡಿತದ ಪ್ರಮಾಣದ ಬಗೆಗೂ ನಮ್ಮವರಿಗೂ ಹೊರಗಿನ ತಜ್ಞರಿಗೂ ವಿವಾದವೆದ್ದಿತು. ಹತ್ತಿರದಲ್ಲೇ ಹೆಚ್ಚು ಕೇಂದ್ರಗಳಿದ್ದು, ಅವುಗಳ ದಾಖಲೆಗಳು ಎಲ್ಲರಿಗೂ ತೆರೆದಿದ್ದರೆ ಮಾತ್ರ ಇಂಥ ವಿವಾದ ತೀರೀತು. ಗೌರಿಬಿದನೂರಿನ ಹಳೆಯ ದಾಖಲೆಗಳ ಪ್ರತಿಗಳನ್ನು ನಮ್ಮ ಕಾಲೇಜುಗಳ ಪ್ರಯೋಗಶಾಲೆಗೆ ಕೊಟ್ಟು, ಸಿಡಿತ ಯಾವುದು, ಭೂಕಂಪ ಯಾವುದು ಎಂದು ವಿದ್ಯಾರ್ಥಿಗಳಿಂದಲೇ ಅಳೆಯಿಸಬೇಕು. ಅದಕ್ಕೆ ಬೇಕಾದುದು ಅಳತೆಪಟ್ಟಿ, ಪೆನ್ಸಿಲು, ಎರಡು ತಾಸಿನ ಬಿಡುವು.