ಹಾಡಲ್ಲಿ ಬದುಕಿದ್ದಾನಂತೆ!

"ಅವನೆಲ್ಲೂ ಹೋಗಿಲ್ಲ ಬಿಡೋ, ಅವನ ಹಾಡುಗಳಲ್ಲೇ ಬದುಕಿದ್ದಾನೆ..." ಗೆಳೆಯ ತೀರಿಕೊಂಡು ಆರು ತಿಂಗಳಾಯ್ತು. ಈ ಮಾತು ಕೇಳಿದಾಗಲೆಲ್ಲ ನಂಗೆ ಸಿಟ್ಟು ಬರತ್ತೆ. ಯಾವ ಹಾಡು ಸ್ವಾಮಿ? ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು, ಮೌತ್ ಆರ್ಗನ್ ಊದುತ್ತಾ ಅವನು ಕಟ್ಟಿದ ಟ್ಯೂನುಗಳು ಯಾವ ಆಲ್ಬಮ್ಮಲ್ಲೂ ಬಂದಿಲ್ಲ. ಇರೋದು ಅವನ ಲ್ಯಾಪ್‌ಟಾಪಲ್ಲಿ. ಮತ್ತೆ ಗೆಳೆಯರ ಫೋನುಗಳಲ್ಲಿ ಒಂದೊಂದು ತುಣುಕು, ಅಷ್ಟೇ.

ಹಾಡು ತಾನಾಗೇ ಉಳಿಯಲ್ಲ. ಮೈಸ್ಪೇಸ್‌ನಲ್ಲಿ 2015ಕ್ಕೂ ಮೊದಲು ಜನ ಹಾಕಿದ್ದ ಲಕ್ಷಾಂತರ ಹಾಡುಗಳು ಸರ್ವರ್ ಬದಲಾಯಿಸುವಾಗ ಹಾಳಾದವು. ಅದು ಎಲ್ಲರಿಗೂ ಗೊತ್ತಾಗಿದ್ದು 2019ರಲ್ಲಿ. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನ ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ತಂತು. ಸತ್ತವರು ಲಾಗಿನ್ ಆಗಲ್ಲ!

ಆಫೀಸಿನ ಕೋಡಿಗೆ ಮೂರು ಕಡೆ ಬ್ಯಾಕಪ್ ಇಡೋ ನಮ್ಮ ಇಂಜಿನಿಯರ್ ಮಹಾಶಯರು, ಗೆಳೆಯನ ದನಿಗೆ ಮಾತ್ರ ಒಂದು ದೀಪದ ಚಿತ್ರ ಹಾಕಿ ಕೈತೊಳೆದುಕೊಳ್ತಾರೆ. ಕೇಳಿದ್ರೆ "ರೆಕಾರ್ಡಿಂಗ್ ಚೆನ್ನಾಗಿಲ್ಲ ಮಗಾ" ಅಂತಾರೆ. ಚೆನ್ನಾಗಿ ಇಲ್ದೇ ಇದ್ರೆ ಏನಂತೆ? ಅವನು ಮಧ್ಯೆ ಕೆಮ್ಮಿದ್ದು, ಟ್ಯೂನು ಮರೆತು ನಕ್ಕಿದ್ದು, ಎಲ್ಲಾ ಇರಲಿ. ಅದೂ ಅವನೇ ತಾನೇ?

ನಿಮಗೂ ಇಂಥ ಗೆಳೆಯ ಇದ್ದಿದ್ರೆ ಅವನ ಅಪ್ಪ ಅಮ್ಮನ್ನ ಒಂದು ಮಾತು ಕೇಳಿ. ಒಪ್ಪಿದ್ರೆ ಎಲ್ಲ ತುಣುಕೂ ಸೇರಿಸಿ ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಪ್ರತಿ ಫೈಲಿಗೂ ಅವನ ಹೆಸರು, ತಾರೀಖು ಬರೀರಿ. ಒಂದು ಅವರ ಮನೇಲಿರಲಿ, ಒಂದು ನಿಮ್ಮ ಹತ್ರ. ಆಮೇಲೆ ಧಾರಾಳವಾಗಿ ಹೇಳಿ, ಹಾಡಲ್ಲಿ ಬದುಕಿದ್ದಾನೆ ಅಂತ.