ನೋವನ್ನು ತಪವೆನ್ನುವವರಿಗೆ

ಕ್ಯಾನ್ಸರ್ ಮೂಳೆಗೆ ಹಬ್ಬಿದ ರೋಗಿ ರಾತ್ರಿಯೆಲ್ಲ ನರಳುತ್ತಿರುವಾಗ, ಮಾರ್ಫಿನ್ ಬೇಡವೆಂದು ತಡೆದು, ‘ಪೂರ್ವಾರ್ಜಿತ ಕರ್ಮ, ಸಹಿಸಿದರೆ ನಿರ್ಜರೆ’ ಎಂದು ಉಪದೇಶಿಸುವ ಶ್ರಾವಕರು ಇಂದಿಗೂ ಇದ್ದಾರೆ. ನೋವು ಅವರದಲ್ಲವಷ್ಟೆ!

ತಪಸ್ಸು ಸ್ವೇಚ್ಛೆಯಿಂದ ಕೈಗೊಳ್ಳತಕ್ಕದ್ದು. ಪರರ ಮೇಲೆ ಹೇರಿದ ವೇದನೆಗೆ ಹಿಂಸೆಯೆಂದೇ ಹೆಸರು. ವೇದನೆಯ ನಿರಂತರ ಚಿಂತನೆಯನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದಲ್ಲಿ ಎಣಿಸಿದೆ. ಣಮೋಕಾರವನ್ನೂ ನೆನೆಯಲಾಗದಂತೆ ನರಳುವವನಿಂದ ಯಾವ ನಿರ್ಜರೆಯನ್ನು ನಿರೀಕ್ಷಿಸುವುದು? ಸಲ್ಲೇಖನದ ಮಾತೆತ್ತುವವರು ಸಮಂತಭದ್ರಾಚಾರ್ಯರ ರತ್ನಕರಂಡಕವನ್ನು ತೆರೆದು ನೋಡಲಿ. ಅಲ್ಲಿರುವುದು ಪ್ರತೀಕಾರವಿಲ್ಲದ ರೋಗದ ಪ್ರಸ್ತಾಪ. ಈ ರೋಗ ಗುಣವಾಗದಿರಬಹುದು. ಇದರ ನೋವಿಗೆ ಪ್ರತೀಕಾರವುಂಟು.

ವೈದ್ಯರ ನಿಗಾದಲ್ಲಿ, ಹೊತ್ತು ತಪ್ಪದೆ ಕೊಡುವ ಮಾರ್ಫಿನ್ನಿನಿಂದ ರೋಗಿ ವ್ಯಸನಿಯಾದಾನೆಂಬ ಭಯ ಬಹುಮಟ್ಟಿಗೆ ನಿರಾಧಾರ. ಮಲಬದ್ಧತೆ ಮಾತ್ರ ನಿಜ. ಅದಕ್ಕೆ ಮೊದಲ ದಿನದಿಂದಲೇ ಔಷಧ ಬೇಕು. ನೋಯುವ ಮೂಳೆಗೆ 8 ಗ್ರೇ ವಿಕಿರಣವನ್ನು ಒಂದೇ ಬಾರಿ ಕೊಟ್ಟರೂ ಅನೇಕರಿಗೆ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ. ಬೆನ್ನುನೋವಿನೊಡನೆ ಕಾಲು ಸೋತರೆ, ಮೂತ್ರ ಕಟ್ಟಿದರೆ, ಬೆನ್ನುಹುರಿ ಒತ್ತಿಗೆ ಸಿಕ್ಕಿರಬಹುದು. ಅಂದೇ ಆಸ್ಪತ್ರೆ ಸೇರದಿದ್ದರೆ ಹೋದ ಬಲ ಮರಳದಿರಬಹುದು. ಅತಿಯಾದ ಬಾಯಾರಿಕೆ, ಮಂಕುಗಳು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರಿಂದಲೂ ಬರುತ್ತವೆ. ಅದಕ್ಕೂ ಚಿಕಿತ್ಸೆಯುಂಟು, ಅಂತ್ಯಕಾಲವೆಂದು ಭ್ರಮಿಸಿ ಬಂಧುಗಳನ್ನು ಕರೆಸುವವರೇ ಹೆಚ್ಚು.

1985ರ ಮಾದಕವಸ್ತು ಕಾಯಿದೆಯಿಂದ ಮಾರ್ಫಿನ್ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಶ್ರಾವಕರ ಮನಸ್ಸು ಸಡಿಲಿಲ್ಲ.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದೆಂದು ಪ್ರತಿ ಪ್ರವಚನದಲ್ಲೂ ಕೇಳುವ ಬಸದಿ ಟ್ರಸ್ಟುಗಳು, ಪಂಚಕಲ್ಯಾಣದ ಚಪ್ಪರಕ್ಕೆ ತೆಗೆದಿಡುವ ಹಣದಲ್ಲಿ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುವ ಒಬ್ಬ ದಾದಿಗಾದರೂ ವರ್ಷದ ಸಂಬಳ ಕೊಡಲಿ.